ಕಾಣದ ಬಿಳಿ ಬಟ್ಟೆ

ಬೂತಾಯಿಯ ತಲೆ ಮುರಿದು ಹೊಟ್ಟೆ ತೆಗೆಯುತ್ತಿದ್ದೆ. ಸೋಮವಾರ ಬೆಳಿಗ್ಗೆ. ಅಂಗಡಿಯ ಮಲಯಾಳಿ ಅದನ್ನು ಮತ್ತಿ ಎಂದು ಮಾರುತ್ತಾನೆ. ಹೆಸರು ಏನೇ ಇರಲಿ, ದೋಹಾದಲ್ಲಿ ನಮ್ಮ ಕರಾವಳಿಯ ಮೀನು ಕಣ್ಣಿಗೆ ಬೀಳುವುದೇ ಒಂದು ಭಾಗ್ಯ ಎಂದು ಎರಡು ಕಿಲೋ ತರಿಸಿದ್ದೆ. ಮಗ ಒಳಕೋಣೆಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಿದ್ದ. ಅಷ್ಟರಲ್ಲಿ ನಮ್ಮವರು ಸೈಟಿನಿಂದ ಫೋನ್ ಮಾಡಿದರು. ಕೈಯೆಲ್ಲ ರಕ್ತ. ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ಎಂತ ಮಾಡ್ತಿದ್ದಿ?"

"ಮೀನು ಕ್ಲೀನ್ ಮಾಡ್ತಿದ್ದೇನೆ. ಬೇಗ ಹೇಳಿ."

"ಸುಡಾನಲ್ಲಿ ಸರ್ಕಾರ ಹೋಯ್ತು ಮಾರಾಯ್ತಿ. ಮಿಲಿಟ್ರಿಯವರು ಪ್ರಧಾನಿಯನ್ನೇ ಮನೆಯಿಂದ ಎತ್ಕೊಂಡು ಹೋಗಿದ್ದಾರಂತೆ. ಮಂತ್ರಿಗಳನ್ನೂ. ನಮ್ಮ ಸೈಟಿನ ಸುಡಾನಿಗಳು ಇವತ್ತು ಕೆಲಸಕ್ಕೆ ಕೈ ಹಾಕ್ಲಿಲ್ಲ. ಎಲ್ಲ ಫೋನ್ ಹಿಡ್ಕೊಂಡು ಕೂತಿದ್ದಾರೆ, ಒಂದೂ ಹೋಗುದಿಲ್ಲ."

"ಅವಳ ಗಂಡ?"

"ನಂಗೆ ಹೇಗೆ ಗೊತ್ತು? ನೀನೇ ಮಾಡಿ ನೋಡು."

ಕೈ ತೊಳೆದು, ಸುಡಾನಿನ ಖಾರ್ಟೂಮಿಗೆ, ನಮ್ಮ ಹಳೆಯ ನೆರೆಯವಳ ನಂಬರಿಗೆ ಮಾಡಿದೆ. ರಿಂಗೇ ಆಗಲಿಲ್ಲ. ಮೂರು ಸಲ ಮಾಡಿ, ಫೋನನ್ನು ಅಕ್ಕಿಡಬ್ಬದ ಮೇಲಿಟ್ಟು, ಉಳಿದ ಮೀನನ್ನು ಮುಗಿಸಿದೆ. ಬಿಸಿಲು ಸಿಂಕಿನ ಮೇಲೆಯೇ ಬೀಳುತ್ತಿತ್ತು. ಎದೆಮಟ್ಟದ ಅಗಲ ಕಿಟಕಿ, ಆಚೆಗೆ ಅಂಗಳ, ಬಟ್ಟೆ ಒಣಗಿಸುವ ಹಗ್ಗ. ನಾನು ನಿಂತಿದ್ದ ಆ ಅಡುಗೆಮನೆ ಮೊದಲು ಅವಳದ್ದಾಗಿತ್ತು.

ಅಲ್ ಥುಮಾಮಾದ ಈ ವಿಲ್ಲಾವನ್ನು ಒಬ್ಬ ಒಟ್ಟಿಗೆ ಬಾಡಿಗೆಗೆ ಹಿಡಿದು, ಮಧ್ಯೆ ಮಧ್ಯೆ ಗೋಡೆ ಎಬ್ಬಿಸಿ, ಐದು ಸಂಸಾರಗಳಿಗೆ ಹಂಚಿದ್ದಾನೆ. ಇಲ್ಲಿ ನಮ್ಮಂಥ ಸಂಬಳದವರ ಸಂಸಾರ ನಡೆಯುವುದು ಹೀಗೆಯೇ. ನಮಗೆ ಸಿಕ್ಕಿದ್ದು ಹಿಂಬದಿಯ ತುಂಡು. ಮೆಟ್ಟಿಲ ಕೆಳಗೆ ಅಡುಗೆ. ಕಿಟಕಿ ಇಲ್ಲ. ಮೀನು ಹುರಿದರೆ ವಾರಗಟ್ಟಲೆ ದಿಂಬಿನಲ್ಲಿ ವಾಸನೆ. ನಮಾಝಿನ ಬಟ್ಟೆಗೂ ಅದೇ ವಾಸನೆ. ಮುಂಭಾಗದ ಎರಡು ಕೋಣೆ, ಬೇರೆ ಬಾಗಿಲು, ಅಂಗಳ, ಈ ಕಿಟಕಿ, ಇಷ್ಟೂ ಆ ಸುಡಾನಿ ಸಂಸಾರದ್ದು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಗಂಡ ನೀರಿನ ಪೈಪುಗಳ ಇಂಜಿನಿಯರ್. ಮಾತು ಕಡಿಮೆ. ಸಲಾಂ ಹೇಳುವಾಗಲೂ ನೆಲ ನೋಡಿಯೇ ಹೇಳುವ ಮನುಷ್ಯ.

ಅವಳು ಹಾಗಲ್ಲ. ನಕ್ಕರೆ ಮೇಲಿನ ಮನೆಗೂ ಕೇಳಬೇಕು. ಹೊರಗೆ ಹೋಗುವಾಗ ತೋಬ್ ಸುತ್ತುತ್ತಿದ್ದಳು. ನಮ್ಮ ಸೀರೆಯಷ್ಟೇ ಉದ್ದದ ಬಟ್ಟೆ, ಮೈಗೆ ಸುತ್ತಿ ತಲೆಗೂ ಹೊದೆಯುವುದು. ನನ್ನನ್ನು 'ಜಾರತಿ' ಎನ್ನುತ್ತಿದ್ದಳು, ನನ್ನ ನೆರೆಯವಳೇ ಎಂದರ್ಥ. ನನ್ನ ಅರೆಬರೆ ಅರಬಿ, ಅವಳ ಅರೆಬರೆ ಇಂಗ್ಲಿಷ್, ಉಳಿದದ್ದಕ್ಕೆ ಕೈಸನ್ನೆ. ಜೋಳದ ಹಿಟ್ಟನ್ನು ಹುಳಿ ಬರಿಸಿ ಅವಳು ತೆಳ್ಳಗೆ ಎರೆಯುತ್ತಿದ್ದ ಕಿಸ್ರಾ ನಮ್ಮ ನೀರುದೋಸೆಯ ಕಪ್ಪು ತಂಗಿಯ ಹಾಗಿತ್ತು. ಒಳ್ಳೆಯವಳು. ಇದನ್ನು ನಾನು ಈಗ ಹೇಳುತ್ತಿರುವುದಲ್ಲ, ಆಗಲೂ ನನಗೆ ಗೊತ್ತಿತ್ತು.

ಅವಳ ದೇಶದಲ್ಲಿ ರೊಟ್ಟಿಯ ಬೆಲೆ ಏರಿತೆಂದು ಜನ ಬೀದಿಗೆ ಇಳಿದದ್ದು ಆ ಸೋಮವಾರಕ್ಕೆ ಸುಮಾರು ಮೂರು ವರ್ಷ ಮೊದಲು, ಚಳಿಗಾಲದಲ್ಲಿ. ನಾಲ್ಕು ತಿಂಗಳು ಅವಳು ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನ್ ಹಿಡಿದೇ ಅಡುಗೆ ಮಾಡಿದಳು. ಮೂವತ್ತು ವರ್ಷ ಕೂತಿದ್ದ ದೊರೆ ಇಳಿದ ದಿನ ಅಂಗಳಕ್ಕೆ ಓಡಿಬಂದು, ನಾಲಿಗೆ ಆಡಿಸಿ, ಆ ಕಡೆಯ ಹೆಂಗಸರು ಮದುವೆಯಲ್ಲಿ ಕೂಗುವ ಹಾಗೆ ಉದ್ದಕ್ಕೆ ಕೂಗಿದಳು. ಮೇಲಿನ ಮನೆಯ ಉಡುಪಿಯ ಹೆಂಗಸು ಬಾಲ್ಕನಿಯಿಂದ ಬಗ್ಗಿ, "ಎಂತ ಅಕ್ಕ, ಹೆರಿಗೆಯಾ, ಮದುವೆಯಾ?" ಎಂದು ನನ್ನನ್ನು ಕೇಳಿದಳು.

"ಅವರ ದೊರೆ ಬಿದ್ದನಂತೆ."

"ಅಷ್ಟಕ್ಕೆ ಹೀಗಾ? ಹೊಸಬ ಯಾರು ಅಂತ ಗೊತ್ತಾದ ಮೇಲೆ ಕೂಗ್ಬಹುದಿತ್ತಲ್ಲ."

ಐದೂ ಮನೆಗೆ ದಾಸವಾಳದ ಶರಬತ್ತು ಬಂತು. ಆ ವರ್ಷದ ರಮಝಾನಿನ ಕೊನೆಯಲ್ಲಿ, ಸೇನೆಯ ಕಚೇರಿಯೆದುರು ಧರಣಿ ಕೂತಿದ್ದ ಮಕ್ಕಳನ್ನು ಗುಂಡಿಕ್ಕಿ ಕೊಂದರು. ಆ ಪೆರ್ನಾಲ್ ಹಬ್ಬಕ್ಕೆ ಅವಳು ಹೊಸ ಬಟ್ಟೆ ಉಡಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಕೊಂದವರೂ ಉಳಿದವರೂ ಒಂದೇ ಮೇಜಿಗೆ ಕೂತು ಸರ್ಕಾರ ಮಾಡಿಕೊಂಡರು. ಅರ್ಧ ಸಮವಸ್ತ್ರ, ಅರ್ಧ ಕೋಟು.

ಆ ಸರ್ಕಾರದ ನೀರಿನ ಇಲಾಖೆಯಿಂದ ಅವಳ ಗಂಡನಿಗೆ ಕರೆ ಬಂತು. ಹೊರದೇಶದಲ್ಲಿ ಕಲಿತು ಪಳಗಿದವರು ಬೇಕು, ಬನ್ನಿ ಎಂದು. ಆ ಮೌನಿ ಮನುಷ್ಯ ಒಂದೇ ವಾರದಲ್ಲಿ ಮಾತಾಡುವವನಾದ. ನಮ್ಮವರ ಹತ್ತಿರವೂ ಪೈಪು, ಪಂಪು, ನೈಲ್ ನದಿ ಎಂದು ಗಂಟೆಗಟ್ಟಲೆ ಮಾತಾಡಿದ. ಅವಳಿಗೆ ಮಾತ್ರ ಮನಸ್ಸು ಎರಡಾಗಿತ್ತು. ಇಲ್ಲಿ ಗಂಡನ ವೀಸಾ ಕ್ಯಾನ್ಸಲ್ ಆದರೆ ಹೆಂಡತಿ ಮಕ್ಕಳದ್ದೂ ಖಲಾಸ್. ಆದರೆ ಅವಳಿಗೆ ಒಂದು ನರ್ಸರಿಯಲ್ಲಿ ಟೀಚರ್ ಕೆಲಸ ಸಿಗುವುದರಲ್ಲಿತ್ತು. ತನ್ನ ಹೆಸರಿನಲ್ಲಿ ಅವಳಿಗೂ ಮಕ್ಕಳಿಗೂ ವೀಸಾ ಮಾಡಿಸಿಕೊಡಲು ನರ್ಸರಿಯವಳು ಒಪ್ಪಿದ್ದಳು. ಗಂಡ ಹೋಗಿ ಒಂದು ವರ್ಷ ನೋಡಲಿ, ತಾನೂ ಮಕ್ಕಳೂ ಇಲ್ಲೇ ಇರುವುದಾ? ಇಲ್ಲ, ಎಲ್ಲರೂ ಹೊರಡುವುದಾ?

ಅದನ್ನು ಕೇಳಲು ಅವಳು ನನ್ನ ಬಳಿ ಬಂದಳು.

ಯಾಕೆ ನನ್ನ ಬಳಿ ಎಂಬುದನ್ನು ಹೇಳಬೇಕು. ವಿಲ್ಲಾದ ಮಕ್ಕಳಿಗೆ ಸಂಜೆ ಕುರ್‌ಆನ್ ಓದಲು ಕಲಿಸುತ್ತಿದ್ದವಳು ನಾನು. ಅವಳ ಚಿಕ್ಕವಳು ನಾಲ್ಕು ವರ್ಷಕ್ಕೇ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಕಲಿತದ್ದು ನನ್ನ ಮಡಿಲ ಬಳಿ ಕೂತು. ಇಕ್ಕಟ್ಟಿನಲ್ಲಿದ್ದಾಗ ಮಾಡುವ ಇಸ್ತಿಖಾರಾ ಎಂಬ ನಮಾಝ್ ಉಂಟು. ಎರಡು ರಕಅತ್ ಮಾಡಿ, 'ಅಲ್ಲಾಹನೇ, ಇದರಲ್ಲಿ ಒಳಿತಿದ್ದರೆ ದಾರಿ ಮಾಡು, ಇಲ್ಲದಿದ್ದರೆ ತಿರುಗಿಸು' ಎಂದು ಬೇಡಿ ಮಲಗುವುದು. ಯಾರ ಇಕ್ಕಟ್ಟೋ ಅವರೇ ಮಾಡಬೇಕು ಎಂದು ಉಸ್ತಾದರು ಸಾವಿರ ಸಲ ಹೇಳಿದ್ದಾರೆ. ಆದರೆ ನಮ್ಮ ಹೆಂಗಸರು ಕೇಳುವುದಿಲ್ಲ. 'ನಿಮ್ಮ ದುಆ ಬೇಗ ಮುಟ್ತದೆ, ನೀವೊಂದು ನೋಡಿ ಹೇಳಿ' ಎಂದು ಮಗಳ ಸಂಬಂಧಕ್ಕೂ ಗಂಡನ ಕೆಲಸಕ್ಕೂ ನನ್ನ ಬಳಿ ಬರುತ್ತಿದ್ದರು. ಕನಸಿನಲ್ಲಿ ಬಿಳಿ ಅಥವಾ ಹಸಿರು ಕಂಡರೆ ಆಗಬಹುದು. ಕಪ್ಪು, ಕೆಂಪು ಕಂಡರೆ ಬೇಡ. ಹೀಗೆ ನೋಡಿ ಹೇಳುತ್ತಿದ್ದೆ. ನನಗೂ ಅದರಲ್ಲಿ ಒಂದು ಹೆಚ್ಚುಗಾರಿಕೆ ಇತ್ತು. ಅದನ್ನು ಅವಳೂ ನೋಡಿದ್ದಳು.

"ಜಾರತಿ, ನಾನು ಮಾಡಿದರೆ ನನ್ನ ಹೆದರಿಕೆಯೇ ಕನಸಾಗಿ ಬರುತ್ತದೆ. ನೀನು ಮಾಡು. ನಿನಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ," ಎಂದಳು.

ಆಯಿತು ಎಂದೆ. ಆ ದಿನ ನಾನು ಎರಡು ಕೋಣೆಯ ಕಂಬಳಿಗಳನ್ನೆಲ್ಲ ಒಗೆದಿದ್ದೆ. ರಾತ್ರಿಯ ಇಶಾ ನಮಾಝ್ ಆಗುತ್ತಲೇ ದಿಂಬಿಗೆ ತಲೆ ಕೊಟ್ಟವಳು ಎದ್ದದ್ದು ನಸುಕಿನ ಸುಬಹಿಗೆ. ಇಸ್ತಿಖಾರಾ ಮಾಡಲೇ ಇಲ್ಲ. ಕನಸೂ ಬೀಳಲಿಲ್ಲ.

ಬೆಳಿಗ್ಗೆ ಅವಳು ನನ್ನನ್ನು ತನ್ನ ಅಂಗಳಕ್ಕೆ ಕರೆದಳು. ಅಂಗಳದ ಹಗ್ಗದಲ್ಲಿ ಅವಳದೇ ಬಿಳಿ ತೋಬ್ ಒಣಗುತ್ತಿತ್ತು. ಅದು ನನ್ನ ಕಣ್ಣೆದುರೇ ಇತ್ತು.

"ಬಿಳಿ ಬಟ್ಟೆ ಕಂಡೆ. ಉದ್ದದ ಬಿಳಿ ಬಟ್ಟೆ. ಗಾಳಿಗೆ ಹಾರ್ತಾ ಇತ್ತು," ಎಂದೆ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವರ ಕ್ರಾಂತಿಯಲ್ಲಿ ಹೆಂಗಸರು ಬೀದಿಗೆ ಇಳಿದದ್ದು ಬಿಳಿ ತೋಬ್ ಉಟ್ಟು. ನನಗೂ ಅದು ಗೊತ್ತಿತ್ತು, ಅವಳೇ ಫೋನಿನಲ್ಲಿ ತೋರಿಸಿದ್ದಳು. ನನ್ನ ಹಣೆಗೆ ಮುತ್ತಿಟ್ಟು ಅಳುತ್ತಾ ಹೋದಳು. ಅದೇ ದಿನ ನರ್ಸರಿಯವಳಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟಳು.

ಅದೇ ದಿನ ನಾನು ನಮ್ಮವರಿಂದ ವಿಲ್ಲಾ ಹಂಚಿದವನಿಗೆ ಫೋನ್ ಮಾಡಿಸಿದೆ, ಮುಂಭಾಗ ಖಾಲಿಯಾದರೆ ನಮಗೇ ಬೇಕು ಎಂದು.

ನಿದ್ದೆ ಬಂದದ್ದು ತಪ್ಪಲ್ಲ. ನಿದ್ದೆ ಬಂತು, ನಾಳೆ ಮಾಡುತ್ತೇನೆ ಎಂದು ಹೇಳಬಹುದಿತ್ತು. ಆರು ವರ್ಷ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ನಿಂತವಳು ನಾನು. ಅವರು ಹೋದರೆ ಅದು ನನಗೆ ಎಂದು ಅವಳ ಗಂಡನಿಗೆ ಕರೆ ಬಂದ ದಿನದಿಂದಲೇ ಲೆಕ್ಕ ಹಾಕಿದ್ದೆ. ಅವರು ಸಾಮಾನು ಕಟ್ಟುವಾಗ ಸಹಾಯಕ್ಕೆಂದು ಹೋಗಿ, ಪರದೆಗೆ ಎಷ್ಟು ಬಟ್ಟೆ ಬೇಕೆಂದು ಕಿಟಕಿಗೆ ಗೇಣು ಹಾಕುತ್ತಿದ್ದೆ. ಉಡುಪಿಯವಳು ಬಾಗಿಲಲ್ಲಿ ನಿಂತು ನೋಡಿದಳು.

"ಕನಸಲ್ಲಿ ಬಿಳಿ ಬಟ್ಟೆ ಕಂಡದ್ದಾ ಅಕ್ಕ, ಕಿಟಕಿ ಕಂಡದ್ದಾ?"

"ಬಾಯಿಗೆ ಬಂದದ್ದು ಮಾತಾಡ್ಬೇಡ."

"ನಾನು ಎಂತದೂ ಹೇಳ್ಲಿಲ್ಲಪ್ಪ. ನಮ್ಮ ದೇವರು ದರ್ಶನದಲ್ಲಿ ಬಂದ್ರೂ ಮನೆ ಕೊಡ್ಸುದಿಲ್ಲ. ನಿಮ್ಮದು ಅಡ್ಡಿಯಿಲ್ಲ."

ಹೊರಡುವ ದಿನ ಚಿಕ್ಕವಳು ಕಿಟಕಿಯ ಸರಳು ಹಿಡಿದು ಬಿಡಲೇ ಇಲ್ಲ. ಒಂದೊಂದೇ ಬೆರಳು ಬಿಡಿಸಿದ್ದು ನಾನು.

ಹೊಸ ಮನೆಗೆ ಬಂದ ಮೊದಲ ವಾರ, ನಮಾಝಿನ ಬಟ್ಟೆಗೆ ಮೀನಿನ ವಾಸನೆ ಇಲ್ಲವೆಂದು ಅಲ್ಹಮ್ದುಲಿಲ್ಲಾಹ್ ಎಂದೆ. ಬಿಸಿಲಿಗೆ ಹಪ್ಪಳ ಒಣಗಿತೆಂದು ಅಲ್ಹಮ್ದುಲಿಲ್ಲಾಹ್ ಎಂದೆ. ಸಣ್ಣ ಸಣ್ಣದಕ್ಕೂ ದೇವರಿಗೆ ಶುಕ್ರ್, ಕೃತಜ್ಞತೆ, ಹೇಳಬೇಕು ಎಂದು ನನ್ನ ಉಮ್ಮ ಕಲಿಸಿದ್ದು. ಯಾರಿಂದ ತೆಗೆದದ್ದು ಎಂದು ಕೇಳಿಕೊಳ್ಳಲು ನನಗೆ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ.

ಖಾರ್ಟೂಮಿನಿಂದ ಮೊದಮೊದಲು ಅವಳ ಫೋನಿನಲ್ಲಿ ನಗು ಇರುತ್ತಿತ್ತು. ಗಂಡನಿಗೆ ಆಫೀಸಿನಲ್ಲಿ ಮೇಜು ಇದೆ, ಕುರ್ಚಿ ಇಲ್ಲ ಎಂದು ನಗುತ್ತಿದ್ದಳು. ಆಮೇಲೆ ರೊಟ್ಟಿಗೆ ಸುಬಹಿನಿಂದ ಸಾಲು. ಕರೆಂಟು ದಿನಕ್ಕೆ ನಾಲ್ಕು ತಾಸು. ಅವನು ಪಂಪಿಗೆ ಡೀಸೆಲ್ ಕೇಳಿದರೆ ಮಂತ್ರಿ ಸಹಿ ಹಾಕುತ್ತಾನೆ, ಡೀಸೆಲ್ ಇರುವುದು ಸೈನ್ಯದವರ ಬಳಿ, ಅವರು ಕೊಡುವುದಿಲ್ಲ. ನನಗೆ ಅದು ಚೆನ್ನಾಗಿ ಅರ್ಥವಾಯಿತು. ನಾವು ದೋಹಾಕ್ಕೆ ಬಂದ ಹೊಸತರಲ್ಲಿ ಓಲ್ಡ್ ಏರ್‌ಪೋರ್ಟ್ ಬಳಿ ಇನ್ನೊಂದು ಸಂಸಾರದ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ಅರ್ಧರ್ಧ ಎಂದೇ ಮಾತು. ಆದರೆ ಗ್ಯಾಸ್ ಸಿಲಿಂಡರ್ ಅವರದು. ಜಗಳವಾದ ದಿನ ಆ ಸಂಸಾರದ ಹೆಂಗಸು ರೆಗ್ಯುಲೇಟರ್ ಕಳಚಿಕೊಂಡು ಕೋಣೆಗೆ ಹೋಗಿ ಚಿಲಕ ಹಾಕುತ್ತಿದ್ದಳು. ಸುಡಾನಿನಲ್ಲೂ ಅಷ್ಟೇ. ಎರಡು ವರ್ಷ ಜಗಳ ನಡೆಯಿತು. ನಾನು ಬೂತಾಯಿ ಸೀಳುತ್ತಿದ್ದ ಆ ಸೋಮವಾರ ಸೈನ್ಯದವರು ಚಿಲಕ ಹಾಕಿಕೊಂಡರು.

ಮೂರು ವಾರದ ಮೇಲೆ ಅವಳ ಫೋನ್ ಬಂತು. ಗಂಡನನ್ನು ಎತ್ತಿಕೊಂಡು ಹೋದವರು ಆಗಷ್ಟೇ ಬಿಟ್ಟಿದ್ದರು. ಎಡಗಿವಿ ಕೇಳುವುದಿಲ್ಲ, ಕೆಲಸ ಇಲ್ಲ. ಹೇಳಿ ಮುಗಿಸಿ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಅಂದಳು:

"ಆದರೂ ನನಗೆ ಬೇಸರವಿಲ್ಲ ಜಾರತಿ. ಕೆಟ್ಟದ್ದಿದ್ದರೆ ನಿನಗೆ ಕಪ್ಪು ಕಾಣುತ್ತಿತ್ತು. ಅಲ್ಲಾಹ್ ಬಿಳಿ ತೋರಿಸಿದ್ದಾನೆ. ಇದರೊಳಗೆ ಎಲ್ಲೋ ಖೈರ್, ಒಳಿತು, ಉಂಟು, ಅಲ್ಲವಾ?"

ಹೌದು ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭ.

ಮತ್ತೆ ದೋಹಾಕ್ಕೆ ಬರಲು ಅವರು ನೋಡಿದರು. ಕಿವುಡು ಇಂಜಿನಿಯರನಿಗೆ ವೀಸಾ ಆಗಲಿಲ್ಲ. ನರ್ಸರಿಯಲ್ಲಿ ಬೇರೆಯವಳು ಸೇರಿಯಾಗಿತ್ತು. ಮುಂದೆ ಒಂದು ರಮಝಾನಿನ ಕೊನೆಯ ಹತ್ತರಲ್ಲಿ ಚಿಲಕ ಹಾಕಿಕೊಂಡಿದ್ದ ಇಬ್ಬರು ದಂಡನಾಯಕರೇ ಒಬ್ಬರನ್ನೊಬ್ಬರು ಹೊಡೆಯತೊಡಗಿದರು, ನಡುವೆ ಊರು. ಮೊದಲ ದಿನದಿಂದಲೇ ಅವಳ ಬೀದಿಯ ನಲ್ಲಿ ಒಣಗಿತು. ಒಂದು ತಿಂಗಳಾದ ಮೇಲೆ ಅವಳ ಗಂಡ ಎರಡು ಕ್ಯಾನ್ ಹಿಡಿದು ಪಕ್ಕದ ಬೀದಿಯ ಬಾವಿಗೆ ಹೊರಟ. ಎಡಗಡೆಯಿಂದ ಯಾರೋ ನಿಲ್ಲು ಎಂದು ಕೂಗಿದ್ದನ್ನು ಜನ ಕೇಳಿದ್ದಾರೆ. ಅವನಿಗೆ ಕೇಳಲಿಲ್ಲ. ಖಬರಸ್ತಾನಕ್ಕೆ ಹೋಗಲು ದಾರಿಯಿರಲಿಲ್ಲವಾದ್ದರಿಂದ ಮನೆಯ ಅಂಗಳದಲ್ಲೇ, ಬಟ್ಟೆ ಒಣಹಾಕುವ ಜಾಗದಲ್ಲಿ, ಅವಳೂ ದೊಡ್ಡ ಮಗಳೂ ಪಕ್ಕದ ಮನೆಯ ಮುದುಕನೂ ಸೇರಿ ಅವನನ್ನು ಹೂತರು.

ಮಕ್ಕಳನ್ನು ಕಟ್ಟಿಕೊಂಡು ಮದನಿ ಎಂಬ ಊರಿಗೆ, ಮೈದುನನ ಮನೆಗೆ ಹೋದಳು. ಅಲ್ಲಿ ಇದ್ದತ್ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಡಬಾರದು. ಜೀವಕ್ಕೆ ಅಪಾಯವಿದ್ದರೆ ಹೊರಡಬಹುದು ಎಂದು ದೀನಿನಲ್ಲಿ, ಧರ್ಮದಲ್ಲಿ, ರಿಯಾಯಿತಿ ಉಂಟು. ಅದನ್ನು ನಾನು ಹೇಳಿದೆ, ಅಷ್ಟರ ಮಟ್ಟಿಗೆ ಹೇಳಿದೆ. "ಅವನಿಗೆ ಹೊದಿಸಲು ಕಫನ್ ಬಟ್ಟೆಯೂ ಸಿಕ್ಕಲಿಲ್ಲ, ಇದ್ದತ್ ಆದರೂ ಪೂರ್ತಿ ಸಿಗಲಿ," ಎಂದಳು. ಹೆಂಗಸರನ್ನೂ ಮಕ್ಕಳನ್ನೂ ವೀಸಾ ಇಲ್ಲದೆ ಒಳಗೆ ಬಿಡುತ್ತಿದ್ದ ಈಜಿಪ್ಟ್, ಅವಳು ಕೂತಿದ್ದ ತಿಂಗಳುಗಳಲ್ಲೇ ಆ ಬಾಗಿಲನ್ನು ಮುಚ್ಚಿತು.

ಇದ್ದತ್ ಮುಗಿದ ವಾರ, ಮಧ್ಯಾಹ್ನ ಅನ್ನ ಬಸಿಯುತ್ತಿದ್ದಾಗ ಅವಳ ಕರೆ ಬಂತು. ಅಂಗಡಿಯೊಂದರಲ್ಲಿ ನೆಟ್ ಸಿಗುತ್ತದೆ, ಹದಿನೈದು ನಿಮಿಷ ಮಾತ್ರ ಎಂದಳು. ಆ ಹಳೆಯ ನಗುವ ದನಿ ಅವಳಲ್ಲಿ ಉಳಿದಿರಲಿಲ್ಲ.

"ನಾಳೆ ಸಂಜೆ ಅಸರ್ ನಮಾಝ್ ಆದ ಮೇಲೆ ಒಂದು ಪಿಕಪ್ ಹೊರಡುತ್ತದೆ. ಮರಳುಗಾಡಿನಲ್ಲಿ, ಕಳ್ಳದಾರಿಯಲ್ಲಿ, ಈಜಿಪ್ಟಿನ ಅಸ್ವಾನಿನ ಕಡೆಗೆ. ಮೈದುನ ಬರುವುದಿಲ್ಲ, ಇಲ್ಲೇ ಇರು ಅನ್ನುತ್ತಾನೆ. ಇಲ್ಲಿಗೂ ಬಂದೂಕಿನವರು ಬರುತ್ತಾರೆ ಎಂದು ಜನ ಹೇಳುತ್ತಾರೆ. ಹೆಣ್ಣುಮಕ್ಕಳಿದ್ದಾರೆ ನನಗೆ. ದೊಡ್ಡವಳಿಗೆ ಹದಿನೈದು. ಹೋಗಲಾ, ಇರಲಾ?"

ನಾನು ಅನ್ನದ ಪಾತ್ರೆಯನ್ನು ಸಿಂಕಿಗೆ ಇನ್ನಷ್ಟು ಬಗ್ಗಿಸಿದೆ.

"ನೀನು ಇವತ್ತು ಇಸ್ತಿಖಾರಾ ಮಾಡು. ನಾಳೆ ಇದೇ ಹೊತ್ತಿಗೆ ಮತ್ತೆ ಬರುತ್ತೇನೆ. ನಿನಗೆ ಕಂಡದ್ದನ್ನೇ ಮಾಡುತ್ತೇನೆ."

ಗಂಜಿನೀರು ಸಿಂಕಿನಲ್ಲಿ ಹೋಗುತ್ತಿತ್ತು. ಮಾಡುತ್ತೇನೆ ಎಂದು ಹೇಳಿ, ನಿಜವಾಗಿಯೂ ಮಾಡಬಹುದಿತ್ತು. ಇದನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಇಬ್ಬರು ಮಕ್ಕಳ ಜೀವದ ಮೇಲೆ ಇನ್ನೊಮ್ಮೆ ಬಿಳಿ ಕಪ್ಪು ಹೇಳುವ ಧೈರ್ಯ ನನಗೆ ಬರಲಿಲ್ಲ.

"ಹಿಂದಿನ ಸಲ ನಾನು ಮಾಡಿರಲಿಲ್ಲ," ಎಂದೆ.

"ಏನು?"

"ಇಸ್ತಿಖಾರಾ. ನಿದ್ದೆ ಬಂದಿತ್ತು. ಕನಸೂ ಬೀಳಲಿಲ್ಲ. ಹಗ್ಗದ ಮೇಲೆ ನಿನ್ನ ತೋಬ್ ಇತ್ತು, ಅದನ್ನೇ ಹೇಳಿದೆ. ನನಗೆ ಈ ಮನೆ ಬೇಕಿತ್ತು."

ಕಡಿದುಹೋಯಿತೋ ಎಂದು ಫೋನ್ ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು. ಅವಳ ಹಿಂದೆ ಯಾರೋ ಚೌಕಾಸಿ ಮಾಡುತ್ತಿದ್ದರು.

"ಮಾಫ್ ಮಾಡು ಉಖ್ತಿ, ನನ್ನ ಸೋದರಿ," ಎಂದೆ.

"ನಾಲ್ಕು ವರ್ಷ," ಎಂದಳು. "ಅವನನ್ನು ಎತ್ತಿಕೊಂಡು ಹೋದಾಗ, ಹೂಳುವಾಗ, ಪ್ರತಿಸಲ ಇದು ಅಲ್ಲಾಹ್ ಆರಿಸಿದ್ದು ಅಂದುಕೊಂಡೆ. ನನ್ನ ಮಕ್ಕಳಿಗೂ ಅದನ್ನೇ ಹೇಳಿದೆ. ಒಮ್ಮೆಯೂ ಅಲ್ಲಾಹನ ಮೇಲೆ ಸಿಟ್ಟು ಮಾಡಲಿಲ್ಲ. ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ." ಉಸಿರು ಎಳೆದುಕೊಂಡಳು. "ಇವತ್ತೇ ಹೇಳಬೇಕಿತ್ತಾ? ನಾಳೆ ಗಾಡಿ ಹತ್ತುವವಳಿಗೆ?"

"ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ ನನಗೆ."

"ಆಗ ಆಗಿತ್ತು."

ಹದಿನೈದು ನಿಮಿಷದಲ್ಲಿ ಇನ್ನೂ ಆರು ಉಳಿದಿದ್ದವು. ಅವಳು ಇಟ್ಟಳು.

ಮರುದಿನ ಆ ಹೊತ್ತಿಗೆ ಫೋನ್ ಬರಲಿಲ್ಲ. ಆ ರಾತ್ರಿ ಅವಳೇ ನಮಾಝ್ ಮಾಡಿದಳೋ, ಕನಸು ಕಂಡಳೋ, ಹೆದರಿಕೆಯಿಂದ ಹೊರಟಳೋ, ಸಿಟ್ಟಿನಿಂದ ಹೊರಟಳೋ, ನನಗೆ ಗೊತ್ತಿಲ್ಲ. ಮೈದುನನ ಊರೂ ಆ ವರ್ಷ ಮುಗಿಯುವುದರೊಳಗೆ ಬಿತ್ತು. ಇದ್ದಿದ್ದರೂ ಏನಾಗುತ್ತಿತ್ತೋ. ಈ ಮಾತನ್ನು ನನ್ನ ಸಮಾಧಾನಕ್ಕೆ ಹೇಳಿಕೊಳ್ಳುತ್ತೇನೆ, ಅದು ಸಮಾಧಾನ ಮಾಡುವುದಿಲ್ಲ.

ಎರಡು ವಾರ ಕಳೆದು, ಶನಿವಾರ ಸಂಜೆ, ಗೊತ್ತಿಲ್ಲದ ಈಜಿಪ್ಟಿನ ನಂಬರಿನಿಂದ ಧ್ವನಿ ಸಂದೇಶ ಬಂತು. ದೊಡ್ಡ ಮಗಳ ಧ್ವನಿ. ದೋಹಾದ ಸ್ಕೂಲಿನ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವ ಹಾಗೆ.

"ಆಂಟಿ, ನಾವು ಅಸ್ವಾನ್ ತಲುಪಿದ್ದೇವೆ. ಗಾಡಿ ಮೂರು ದಿನ ಕೆಟ್ಟು ನಿಂತಿತ್ತು. ತಂಗಿ ಎರಡನೇ ದಿನ ತೀರಿಕೊಂಡಳು. ಅಲ್ಲೇ ಹೂತೆವು. ನಿಮಗೆ ತಿಳಿಸು ಎಂದು ಉಮ್ಮ ಹೇಳಿದರು. ಫೋನ್ ಮಾಡಬೇಡಿ ಎಂದೂ ಹೇಳಿದರು."

ನಾನು ಕೂತಲ್ಲೇ ಮತ್ತೆ ಕೇಳಿದೆ. ನಮ್ಮವರು ಒಳಗಿನಿಂದ ಬಂದು, ನನ್ನ ಮುಖ ನೋಡಿ, ಫೋನ್ ತೆಗೆದುಕೊಂಡು ತಾವೂ ಕೇಳಿದರು. ಇನ್ನಾ ಲಿಲ್ಲಾಹಿ ಎಂದರು. "ಇಬ್ಬರಾದ್ರೂ ತಲುಪಿದ್ರಲ್ಲ," ಎಂದರು ಫೋನ್ ವಾಪಸ್ ಕೊಡುತ್ತಾ.

ಅಲ್ಹಮ್ದುಲಿಲ್ಲಾಹ್ ಎಂದು ಬಾಯಿ ತೆರೆದೆ. ಆ ಇಬ್ಬರಿಗಾಗಿ ಶುಕ್ರ್ ಹೇಳುವ ಹಕ್ಕು ನನಗಿದೆಯೇ ಎಂದು ತಿಳಿಯಲಿಲ್ಲ. ಆದರೂ ಹೇಳಿದೆ. ಹೇಳದಿದ್ದರೆ ನನ್ನ ಬಳಿ ಹೇಳಲು ಬೇರೇನೂ ಇರಲಿಲ್ಲ.

ಮರುದಿನ ಭಾನುವಾರ, ಇಲ್ಲಿ ಸ್ಕೂಲು ಶುರುವಾಗುವ ದಿನ. ಮಗ ಬಂದು ಬಸ್ಸು ಬೇಗ ಬರುತ್ತದೆಂದು ನೆನಪಿಸಿದ. ನೆಲದ ಮೇಲೆ ಕಂಬಳಿ ಮಡಚಿ ಹಾಸಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಹಾಕಿ, ಅವನ ಯೂನಿಫಾರ್ಮಿನ ಅಂಗಿಯನ್ನು ಕಾಲರಿನಿಂದ ಶುರುಮಾಡಿದೆ.